ಕೆಂಪು ಗೀಟು ಬೀಳದ ಸಾಲು

ಜೂನ್ 3, ಮಂಗಳವಾರ

ಪಾಸಾದೆ. ಹತ್ತನೇ ಕ್ಲಾಸು, ನಾಲ್ಕು ವರ್ಷ ತಡವಾಗಿ, ಸ್ಕೂಲಿನ ಮೆಟ್ಟಿಲು ಹತ್ತದೆ, ಔಷಧಿ ಡಬ್ಬಗಳ ನಡುವೆ ಕೂತು ಓದಿ. ಗಣಿತದ ಸುದ್ದಿ ಬೇಡ. ವಿಜ್ಞಾನದಲ್ಲಿ ಎಂಬತ್ತೊಂದು.

ಅಂಕಪಟ್ಟಿಯನ್ನು ಮೇಷ್ಟ್ರ ಮುಂದಿಟ್ಟೆ. ಡಾಕ್ಟರ ಚೀಟಿ ಓದುವ ಹಾಗೆ ಮೇಲಿಂದ ಕೆಳಗೆ ಎರಡು ಸಲ ಓದಿದರು. ಹೆಸರು ಸರಿಯಿದೆಯಾ, ಹುಟ್ಟಿದ ದಿನ ಸರಿಯಿದೆಯಾ ಅಂತ. ಆಮೇಲೆ ಗಣಿತ ಇನ್ನೊಂದು ಸ್ವಲ್ಪ ಬರಬೇಕಿತ್ತು ಅಂದರು. ಈ ಮನುಷ್ಯನ ಬಾಯಿಂದ ಒಂದು ಹೊಗಳಿಕೆ ಹೊರಬೀಳಬೇಕಾದರೆ ಔಷಧಿಯನ್ನೇ ಕುಡಿಸಬೇಕು. ಆದರೆ ಆ ಕಡೆ ತಿರುಗಿಕೊಂಡು ಕನ್ನಡಕ ಒರೆಸಿದ್ದು ನನಗೆ ಕಂಡಿತು.

ಅವರು ಸ್ಕೂಲಿನ ಮೇಷ್ಟ್ರಲ್ಲ. ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಯಜಮಾನರು, ಫಾರ್ಮಸಿಸ್ಟ್. ಸ್ಕೂಲಿನವರು ಒಂಬತ್ತು ವರ್ಷ ತಲೆ ತಿಂದರೂ ಕಲಿಸದ್ದನ್ನು ಇವರು ನಾಲ್ಕು ವರ್ಷದಲ್ಲಿ ಕಲಿಸಿದರು. ಅದಕ್ಕೇ ಮೇಷ್ಟ್ರು. "ಅಂದಾಜು ಅನ್ನೋದು ತರಕಾರಿ ಅಂಗಡೀಲಿ, ಇಲ್ಲಲ್ಲ" ಅಂತ ದಿನಕ್ಕೆ ಮೂರು ಹೊತ್ತು ಹೇಳುತ್ತಾರೆ, ಊಟದ ನಂತರದ ಗುಳಿಗೆಯ ಹಾಗೆ.

ಕೌಂಟರಿನ ಅಕ್ಕ ಬಿಸ್ಕತ್ತಿನ ಪೊಟ್ಟಣ ಒಡೆದಳು. "ಇನ್ಮೇಲೆ ನಿನ್ನ ಮೇಡಂ ಅನ್ಬೇಕೇನೇ?" ಅಂತ ಕಾಲೆಳೆದಳು. ಅನ್ನು, ಯಾರು ಬೇಡ ಅಂದರು, ಅಂದೆ.

ಔಷಧಿ ಕಾಲೇಜಿನ ಅರ್ಜಿ ಮೇಷ್ಟ್ರು ಮೊದಲೇ ತರಿಸಿಟ್ಟಿದ್ದರು. ಹತ್ತನೇ ಪಾಸಾಗಿ, ಮೂರು ವರ್ಷ ಔಷಧಿ ಅಂಗಡಿಯಲ್ಲಿ ದುಡಿದವರಿಗೆ ಅಂತ ಬೇರೆಯಾಗಿ ಹತ್ತು ಸೀಟು ಇಟ್ಟಿದ್ದಾರೆ. ಅಂಗಡಿಯ ಫಾರ್ಮಸಿಸ್ಟ್ ಪತ್ರ ಬರೆದು ಸಹಿ ಹಾಕಬೇಕು. ಆ ಪತ್ರ ಇಲ್ಲದಿದ್ದರೆ ಇನ್ನೂ ಎರಡು ವರ್ಷ ಓದಿಕೊಂಡು ಬಾ ಅನ್ನುತ್ತಾರೆ. ಕೊನೆಯ ದಿನ ಜೂನ್ 25.

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ. ಈ ವೃತ್ತಿಯನ್ನು ಏಕೆ ಆರಿಸಿಕೊಳ್ಳುತ್ತಿದ್ದೀರಿ? ಹತ್ತು ಸಾಲು ಮೀರದಂತೆ ಬರೆಯಿರಿ.

ಜನಸೇವೆ ಅಂತ ಬರಿ, ಎಲ್ಲರೂ ಅದನ್ನೇ ಬರೆಯೋದು ಅಂದಳು ಅಕ್ಕ. ನಾನು ಸುಳ್ಳು ಬರೆಯುವುದಿಲ್ಲ.

ಜೂನ್ 5, ಗುರುವಾರ

ಹತ್ತು ಸಾಲು ಬರೆಯೋಕೆ ಎರಡು ದಿನ ಬೇಕಾಯಿತು.

ಆಗ ನನಗೆ ಹದಿನೈದು. ಅಜ್ಜಿಗೆ ಕೀಲುನೋವು. ಆಗಸ್ಟ್ 3ಕ್ಕೆ ಇದೇ ಅಂಗಡಿಯಿಂದ ಗುಳಿಗೆ ತಂದವಳು ನಾನೇ. ಹನ್ನೆರಡು ಹಳದಿ ಗುಳಿಗೆ, ಸಣ್ಣವು. ವಾರಕ್ಕೊಂದು ಕೊಡಬೇಕಿತ್ತು. ನಾನು ದಿನಕ್ಕೊಂದು ಕೊಟ್ಟೆ. ಅಮ್ಮ ಬೆಳಿಗ್ಗೆ ಏಳಕ್ಕೇ ಗಾರ್ಮೆಂಟ್ಸಿಗೆ ಹೊರಡುತ್ತಿದ್ದಳು, ಹಾಗಾಗಿ ಗುಳಿಗೆ ನನ್ನ ಪಾಲಿನ ಕೆಲಸ. ಯೂನಿಫಾರ್ಮ್ ಹಾಕಿಕೊಂಡು, ಚೀಲ ಬೆನ್ನಿಗೇರಿಸಿ, ಅಜ್ಜಿಯ ಬಾಯಿಗೆ ಗುಳಿಗೆ. "ಬಂದ್ಲಪ್ಪ ಡಾಕ್ಟ್ರಮ್ಮ" ಅಂತ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದಳು. ಹತ್ತನೇ ದಿನಕ್ಕೆ ಆ ಬಾಯಿ ತುಂಬ ಹುಣ್ಣು. ಹದಿನೈದನೇ ತಾರೀಖಿಗೆ ಆಸ್ಪತ್ರೆ. ಇಪ್ಪತ್ತೊಂದಕ್ಕೆ ಹೋದಳು. ರಕ್ತವೇ ಹುಟ್ಟುವುದು ನಿಂತುಹೋಗಿದೆ, ಮೂರು ನಾಲ್ಕು ದಿನದಲ್ಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಅಂದರು ಡಾಕ್ಟರು.

ಮೇಷ್ಟ್ರು ನನಗೆ ಹೇಳಿದ್ದರು. ಗಾಜಿನ ಕೌಂಟರಿನ ಆ ಕಡೆಯಿಂದ ಬಗ್ಗಿ, ವಾರಕ್ಕೊಂದೇ ಪುಟ್ಟಿ ಅಂತ. ಗಾಜಿನ ಮೇಲೆ ಅವರ ಬೆರಳಿನ ಗುರುತು ಮೂಡಿದ್ದು ಸಹ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಗೆಳತಿಯರನ್ನು ನೋಡುತ್ತಿದ್ದೆ. ವಿಷಯ ತಿಳಿದು ಆಸ್ಪತ್ರೆಗೆ ಬಂದಿದ್ದ ಮೇಷ್ಟ್ರು ವರಾಂಡದಲ್ಲಿ "ಹೇಳಿದ್ನಲ್ಲ ಪುಟ್ಟಿ, ವಾರಕ್ಕೊಂದು ಅಂತ?" ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಅಂದೆ. ಮತ್ತೇನು ಅನ್ನಲಿ.

ಅದಾದ ಮೇಲೆ ಸ್ಕೂಲಿಗೆ ಹೋಗಲಿಲ್ಲ. ಎರಡು ತಿಂಗಳು ಗೋಡೆ ನೋಡಿಕೊಂಡು ಕೂತಿದ್ದವಳನ್ನು ಮೇಷ್ಟ್ರೇ ಅಂಗಡಿಗೆ ಕರೆದರು. ನನ್ನಂಥವಳನ್ನು.

ಅರ್ಜಿಯಲ್ಲಿ ಬರೆದಿದ್ದು ಇಷ್ಟು. ನಾನು ಒಂದು ಮಾತು ಕೇಳಿಸಿಕೊಳ್ಳದೆ ನನ್ನ ಅಜ್ಜಿಯನ್ನು ಕೊಂದೆ. ನನ್ನ ಕೈಯಿಂದ ಔಷಧಿ ತೆಗೆದುಕೊಂಡು ಹೋಗುವ ಯಾರೂ ಇನ್ನು ಕೇಳಿಸಿಕೊಳ್ಳದೆ ಹೋಗಬಾರದು. ಅದಕ್ಕೆ ಫಾರ್ಮಸಿಸ್ಟ್ ಆಗುತ್ತೇನೆ.

ಐದೇ ಸಾಲು ಬಂತು. ಸಾಕು.

ಜೂನ್ 6, ಶುಕ್ರವಾರ

ಬರೆದಿದ್ದನ್ನು ತಿದ್ದಿಕೊಡಿ ಅಂತ ಮೇಷ್ಟ್ರಿಗೆ ಕೊಟ್ಟೆ. ಓದಿದರು. ಬಹಳ ಹೊತ್ತು. ಒಂದು ಅಲ್ಪವಿರಾಮ ಹಾಕಿ ವಾಪಸ್ ಕೊಟ್ಟರು. ಆಮೇಲೆ ತಲೆನೋವು ಅಂತ ಹಿಂದಿನ ಕೋಣೆಗೆ ಹೋದರು. ಅವರ ಟೀ ಹಾಗೇ ಆರಿತು. ಅಕ್ಕ ಕುಡಿದಳು.

ಜೂನ್ 9, ಸೋಮವಾರ

ಮೇಷ್ಟ್ರು ಪತ್ರ ಬರೆಯಲು ಕೂತರು. ಕೆಲಸಕ್ಕೆ ಸೇರಿದ ತಾರೀಖು ಬೇಕಿತ್ತು. ನಾಲ್ಕು ವರ್ಷದ ಹಿಂದೆ, ಅಕ್ಟೋಬರ್ ಕೊನೆ ಇರಬೇಕು, ಅಂದಾಜು ಹಾಕೋಣ ಅಂದರು. ಅಂದಾಜು ಅನ್ನೋದು ತರಕಾರಿ ಅಂಗಡೀಲಿ ಮೇಷ್ಟ್ರೇ ಅಂದೆ. ಅಕ್ಕ ನಕ್ಕಳು. ಅವರು ನಗಲಿಲ್ಲ. ಬಿಡು, ಯಾರು ನೋಡ್ತಾರೆ ಅಂದರು. ಹೀಗೆ ಅಂದಿದ್ದು ಇದೇ ಮೊದಲು. ವಯಸ್ಸಾಯಿತು ಅಂದುಕೊಂಡೆ.

ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಏಣಿ ಹಾಕಿ ಅಟ್ಟ ಹತ್ತಿದೆ. ಅಟ್ಟದಲ್ಲಿ ನೆನಪಿನ ಪುಸ್ತಕಗಳಿವೆ. ಇದು ನಮ್ಮ ಅಂಗಡಿಯ ಪದ್ಧತಿ. ಮಾಡಬೇಕಾದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ಇಂಥವರಿಗೆ ಇನ್ಸುಲಿನ್ ತರಿಸಬೇಕು, ಇಂಥ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಕೆಲಸ ಮುಗಿದ ಮೇಲೆ ಆ ಸಾಲಿನ ಮೇಲೆ ಕೆಂಪು ಗೀಟು. ಗೀಟು ಬೀಳದೆ ಮೇಷ್ಟ್ರು ಬಾಗಿಲು ಹಾಕುವುದಿಲ್ಲ. ಇವತ್ತು ಆಗದಿದ್ದರೆ ನಾಳೆಯ ಪುಟಕ್ಕೆ ಮತ್ತೆ ಬರೆಯುತ್ತಾರೆ. ನಾನು ಸೇರಿದ ದಿನವೂ ಅದರಲ್ಲಿ ಇದ್ದೇ ಇರುತ್ತದೆ ಅಂತ ಗೊತ್ತಿತ್ತು.

ಇತ್ತು. ಅಕ್ಟೋಬರ್ 27. "ಹುಡುಗಿ ಬರುತ್ತಾಳೆ. ಸ್ಟೂಲು ತರಿಸಬೇಕು." ಕೆಂಪು ಗೀಟು.

ಖುಷಿಯಾಯಿತು. ಸುಮ್ಮನೆ ಹಿಂದಿನ ಪುಟಗಳನ್ನು ತಿರುವಿದೆ. ಸೆಪ್ಟೆಂಬರ್. ಆಗಸ್ಟ್.

ಆಗಸ್ಟ್ 6. ಏಳು ಸಾಲು. ಆರಕ್ಕೆ ಕೆಂಪು ಗೀಟು. ಏಳನೆಯದು ಅಜ್ಜಿಯ ಹೆಸರಿನಿಂದ ಶುರು.

"ಮೂರನೇ ತಾರೀಖು ಕೊಟ್ಟ ಗುಳಿಗೆ. ವಾರಕ್ಕೊಂದು ಎಂದು ಕವರಿನ ಮೇಲೆ ಬರೆದಿಲ್ಲ. ಹುಡುಗಿಗೆ ಬಾಯಲ್ಲೂ ಹೇಳಿಲ್ಲ. ಇವತ್ತೇ ಮನೆಗೆ ಹೋಗಿ ಹೇಳಬೇಕು."

ಗೀಟಿಲ್ಲ. ಏಳನೇ ತಾರೀಖಿನ ಪುಟಕ್ಕೂ ಅದು ಬಂದಿಲ್ಲ.

ಜೂನ್ 10, ಮಂಗಳವಾರ

ಗಾಜಿನ ಕೌಂಟರ್ ಬಂದು ಎರಡು ವರ್ಷವಾಯಿತು. ಅದು ಬಂದ ದಿನ ಒರೆಸಿದವಳು ನಾನೇ. ಅದಕ್ಕೂ ಮೊದಲು ಅಲ್ಲಿದ್ದಿದ್ದು ಹಸಿರು ರೆಕ್ಸಿನ್ ಹೊದಿಸಿದ ಮರದ ಹಲಗೆ. ರೆಕ್ಸಿನ್ ಮೇಲೆ ಯಾರ ಬೆರಳಿನ ಗುರುತೂ ಮೂಡುವುದಿಲ್ಲ.

ಅವರು ಹೇಳಿದ್ದು ನನಗೆ ನೆನಪಿಲ್ಲ. ಇರಲೇ ಇಲ್ಲ. ಹೇಳಿದ್ದೆ ಅಂತ ಆಸ್ಪತ್ರೆಯಲ್ಲಿ ಅವರೇ ಹೇಳಿದರು. ಉಳಿದಿದ್ದನ್ನು ನಾನೇ ಕಟ್ಟಿಕೊಂಡೆ.

ಜೂನ್ 11, ಬುಧವಾರ

ಬೆಳಿಗ್ಗೆ ಯಥಾಪ್ರಕಾರ ಹೋದೆ. ಕೈ ತಾನಾಗೇ ಕೆಲಸ ಮಾಡುತ್ತಿತ್ತು. ಹನ್ನೊಂದರ ಹೊತ್ತಿಗೆ ಜನ ಕಡಿಮೆಯಾದರು. ಒಂದು ಕವರು ಅರ್ಧ ಬರೆಯುತ್ತಿದ್ದೆ, ತಡೆಯಲಾಗಲಿಲ್ಲ. ಪುಸ್ತಕ ತಂದು ಆಗಸ್ಟ್ ಆರು ಬಿಡಿಸಿ ಅವರ ಮುಂದಿಟ್ಟೆ.

ಅವರು ಓದಲಿಲ್ಲ. ಓದುವ ಅಗತ್ಯ ಇರಲಿಲ್ಲ. ಕನ್ನಡಕ ತೆಗೆದರು. ಅಕ್ಕ ಏನೇ ಅದು ಅಂತ ಕತ್ತು ಚಾಚಿದಳು. ಒಳಗೆ ಹೋಗಕ್ಕ ಅಂದೆ. ನನ್ನ ಮುಖ ನೋಡಿ ಹೋದಳು.

"ಮನೆಗೆ ಬಂದ್ರಾ?" ಅಂದೆ.

"ಬಂದೆ. ನಿಮ್ಮ ಬೀದಿ ಮೂಲೆವರೆಗೂ ಬಂದೆ."

"ಮೂಲೆವರೆಗೆ."

"ನಿಮ್ಮಜ್ಜಿ ಬಾಗಿಲ ಮುಂದೆ ಕೂತಿದ್ರು. ಅಕ್ಕಪಕ್ಕದವ್ರ ಜೊತೆ ನಗ್ತಾ ಇದ್ರು. ಚೆನ್ನಾಗೇ ಇದ್ದಾರಲ್ಲ ಅನ್ನಿಸ್ತು. ಅಷ್ಟು ಜನದ ಮುಂದೆ ಹೋಗಿ ನಾನು ತಪ್ಪು ಮಾಡಿದೀನಿ ಅನ್ನೋಕೆ ಬಾಯಿ ಬರ್ಲಿಲ್ಲ ಪುಟ್ಟಿ. ಒಬ್ರೇ ಇದ್ದಾಗ ಆಮೇಲೆ ಬಂದು ಹೇಳೋಣ ಅಂದ್ಕೊಂಡೆ."

ಆಮೇಲೆ. ನಮ್ಮ ಮನೆಯಿಂದ ಅಂಗಡಿಗೆ ಹತ್ತು ನಿಮಿಷ. ಆರರಿಂದ ಹದಿನಾಲ್ಕರವರೆಗೆ ನಾನು ಇನ್ನೂ ಒಂಬತ್ತು ಗುಳಿಗೆ ಕೊಟ್ಟೆ. ಒಂಬತ್ತು. ಪ್ರತಿ ದಿನ ಆ ಮುದುಕಿ ಬಾಯಿ ತೆರೆದಳು, ಹುಣ್ಣಾದ ಮೇಲೂ ತೆರೆದಳು, ಮೊಮ್ಮಗಳು ಕೊಡುತ್ತಿದ್ದಾಳಲ್ಲ ಅಂತ.

ತಪ್ಪು ಯಾರಾದರೂ ಮಾಡುತ್ತಾರೆ. ನನಗದು ಗೊತ್ತು, ನಾಲ್ಕು ವರ್ಷದಲ್ಲಿ ನಾನೂ ಮಾಡಿದ್ದೇನೆ, ಬಾಗಿಲು ದಾಟುವ ಮೊದಲೇ ಅಕ್ಕ ಹಿಡಿದಿದ್ದಾಳೆ. ಆಸ್ಪತ್ರೆಯಲ್ಲಿ ಹದಿನೈದು ವರ್ಷದ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿದ್ದು ತಪ್ಪಲ್ಲ. ಅದಕ್ಕೆ ಬೇರೆ ಹೆಸರಿದೆ.

"ಮೊನ್ನೆ ನಾನು ಬರೆದಿದ್ದನ್ನ ಓದಿದ್ರಲ್ಲ ಮೇಷ್ಟ್ರೇ. ಅಜ್ಜೀನ ಕೊಂದೆ ಅಂತ ಬರೆದಿದ್ದೆ. ಅದಕ್ಕೆ ಅಲ್ಪವಿರಾಮ ಹಾಕಿದ್ರಿ."

ಅಂಗಡಿಗೆ ಗಿರಾಕಿ ಬಂದರು. ನಾನು ಚೀಲ ತೆಗೆದುಕೊಂಡು ಹೊರಟೆ.

ಜೂನ್ 12, ಗುರುವಾರ

ಅರ್ಜಿ ಹರಿದೆ. ನಾಲ್ಕು ಚೂರಲ್ಲ, ಕಾಣಿಸದಷ್ಟು ಚೂರು.

ಹೊಟ್ಟೆನೋವು, ರಜೆ ಹಾಕಿದೆ ಅಂತ ಅಮ್ಮನಿಗೆ ಹೇಳಿದೆ. ಹಣೆ ಮುಟ್ಟಿ ನೋಡಿ ಕೆಲಸಕ್ಕೆ ಹೋದಳು. ಹೊಟ್ಟೆನೋವಿಗೆ ಹಣೆ ಮುಟ್ಟಿದರೆ ಏನು ಗೊತ್ತಾಗುತ್ತದೆ.

ಜೂನ್ 13, ಶುಕ್ರವಾರ

ಇನ್ನು ಔಷಧಿಯ ವಾಸನೆಯೂ ಬೇಡ. ಬಟ್ಟೆ ಅಂಗಡಿಗೆ ಸೇರುತ್ತೇನೆ. ಸೀರೆ ಮಡಚಿ ಕೊಟ್ಟರೆ ಯಾರೂ ಸಾಯುವುದಿಲ್ಲ.

ಈ ನಾಲ್ಕು ವರ್ಷ ಪೂರ್ತಿ ಅವರದ್ದೇ. ನಾನು ಬೇಗ ಎದ್ದಿದ್ದು, ಪಾಠ ಬಾಯಿಪಾಠ ಮಾಡಿದ್ದು, ಗುಳಿಗೆಯ ಬಣ್ಣ ಕಲಿತಿದ್ದು, ಗೆಳತಿಯರನ್ನು ಬಿಟ್ಟಿದ್ದು, ಎಲ್ಲ ಮಾಡದ ತಪ್ಪಿನ ಪ್ರಾಯಶ್ಚಿತ್ತಕ್ಕೆ. ಅವರ ತಪ್ಪನ್ನು ನಾನು ಹೊತ್ತು ತಿರುಗುವಾಗ ಅವರು ಪಕ್ಕದಲ್ಲೇ ಕೂತು, ಬೆನ್ನು ನೆಟ್ಟಗಿಟ್ಟುಕೋ ಅಂತ ಹೇಳಿಕೊಟ್ಟರು.

ಎದುರು ಮನೆಯವಳು ಬಂದು ಬಾಗಿಲಲ್ಲೇ ಮಾತಿಗೆ ನಿಂತಳು. ಮಗುವಿಗೆ ಜ್ವರ ಇಳಿಯಿತಂತೆ, ಉಳಿದ ಔಷಧಿಯನ್ನು ಮುಂದಿನ ಸಲಕ್ಕೆ ಇಟ್ಟಿದ್ದಾಳಂತೆ. ತಲೆ ಕೆಟ್ಟಿದೆಯಾ ನಿನಗೆ, ಐದು ದಿನ ಅಂದರೆ ಐದು ದಿನ, ತಾ ಇಲ್ಲಿ ಅಂತ ಬಾಟಲಿ ತರಿಸಿದೆ. ಅಳತೆಗೆ ಚಹಾ ಚಮಚ ಉಪಯೋಗಿಸುತ್ತಿದ್ದಳು. ಮುಚ್ಚಳದಲ್ಲಿ ಗೆರೆ ತೋರಿಸಿ, ಅವಳ ಬಾಯಿಂದಲೇ ಮೂರು ಸಲ ಹೇಳಿಸಿ ಕಳಿಸಿದೆ. ಏನು ಜನವೋ.

ನಾಳೆ ಬಟ್ಟೆ ಅಂಗಡಿಗೆ ಹೋಗಿ ಕೇಳಬೇಕು.

ಜೂನ್ 14, ಶನಿವಾರ

ಬಟ್ಟೆ ಒಗೆಯುತ್ತಿದ್ದಾಗ ಥಟ್ಟನೆ ನೆನಪಾಯಿತು. ಬುಧವಾರ ಅರ್ಧ ಬರೆದು ಬಿಟ್ಟು ಬಂದ ಕವರು. ಅದೇ ಹಳದಿ ಗುಳಿಗೆ. ಬಸ್ ಕಂಡಕ್ಟರ್ ಆಗಿ ರಿಟೈರಾದ ತಾತನದು. ಬುಧವಾರ ಮಾತ್ರ ಅಂತ ಬರೆದಿದ್ದೆನಾ? ಬರೆಯುವ ಮೊದಲೇ ಎದ್ದೆನಾ? ಎಷ್ಟು ಯೋಚಿಸಿದರೂ ಕಣ್ಣ ಮುಂದೆ ಕವರು ಬರುತ್ತದೆ, ಅಕ್ಷರ ಬರುವುದಿಲ್ಲ. ಬಂದರೂ ನಂಬುವ ಹಾಗಿಲ್ಲ. ನನ್ನ ನೆನಪಿನ ಯೋಗ್ಯತೆ ಗೊತ್ತಾಯಿತಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅವತ್ತೇ ಬಂದು ತೆಗೆದುಕೊಂಡು ಹೋದರು, ನಾನೇ ಕೊಟ್ಟೆ, ಏನು ಬರೆದಿತ್ತೋ ನೋಡಲಿಲ್ಲ ಅಂದಳು. ತಾತನ ಫೋನಿಗೆ ಮಾಡಿದರೆ ಎತ್ತಲಿಲ್ಲ. ಅಕ್ಕನಿಂದ ವಿಳಾಸ ಬರೆದುಕೊಂಡು ಒದ್ದೆ ಬಟ್ಟೆಯಲ್ಲೇ ಹೊರಟೆ. ಊರಿನ ಆ ತುದಿ. ಬಸ್ಸು ಕಾಯುವ ತಾಳ್ಮೆ ಇರಲಿಲ್ಲ. ನಡೆದೆ, ಓಡಿದೆ, ನಡೆದೆ. ನಲವತ್ತು ನಿಮಿಷ.

ತಾತ ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಗುಳಿಗೆ ತೋರಿಸಿ ಅಂದೆ.

"ಏನಮ್ಮ ಇದು, ಚೆಕಿಂಗ್ ಸ್ಕ್ವಾಡ್ ಬಂದಂಗೆ ಬಂದಿದೀಯ?"

"ತೋರ್ಸಿ ತಾತ."

"ಮೂವತ್ತು ವರ್ಷ ನಾನು ಜನರ ಟಿಕೆಟ್ ಕೇಳ್ದೆ. ಈಗ ನೀನು ನಂದು ಕೇಳು."

ಗೊಣಗುತ್ತಲೇ ಡಬ್ಬ ತಂದರು. ಕವರಿನ ಮೇಲೆ ನನ್ನ ಅಕ್ಷರ. ಬುಧವಾರ ಮಾತ್ರ. ಕೆಳಗೆ ಎರಡು ಗೆರೆ. ನಾಲ್ಕರಲ್ಲಿ ಮೂರು ಗುಳಿಗೆ ಉಳಿದಿದ್ದವು. ಎರಡು ಸಲ ಎಣಿಸಿದೆ. ಸರಿಯಾಗಿತ್ತು.

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಷ್ಟಕ್ಕೆ ಬಂದ್ಯಾ, ಫೋನ್ ಮಾಡಿದ್ರೆ ಆಗ್ತಿರಲಿಲ್ವಾ ಅಂದರು. ಮಾಡಿದೆ ಅಂದೆ. ಓ, ಅದು ಚಾರ್ಜಿಗೆ ಹಾಕಿದೀನಿ ಅಂದರು. ನೀರು ಕೊಟ್ಟರು. ಡಬ್ಬದಲ್ಲಿ ಇನ್ನೊಂದು ನೋವಿನ ಗುಳಿಗೆ ಇತ್ತು, ಪಕ್ಕದ ಮನೆಯವರು ಕೊಟ್ಟಿದ್ದಂತೆ. ಇದರ ಜೊತೆ ಅದು ಬೇಡ, ಮೊದಲು ಡಾಕ್ಟರನ್ನು ಕೇಳಿ ಅಂತ ಹೇಳಿ ಬೇರೆ ಕಟ್ಟಿಟ್ಟೆ. ಮುಂದಿನ ವಾರ ಕೇಳಿದರಾ ಅಂತ ವಿಚಾರಿಸಬೇಕು.

ಕಾಲು ನೋಯುತ್ತಿದೆ. ಬಟ್ಟೆ ಅಂಗಡಿಗೆ ಹೋಗಲಿಲ್ಲ.

ಜೂನ್ 17, ಮಂಗಳವಾರ

ಅಮ್ಮನಿಗೆ ಹೇಳಿದೆ. ಎಷ್ಟು ದಿನ ಹೊಟ್ಟೆನೋವು ಅನ್ನಲಿ. ಸಂಜೆ ಅವಳು ಕೆಲಸದಿಂದ ಬಂದು ಕೈಕಾಲು ತೊಳೆದು ಕೂತ ಮೇಲೆ, ಪುಸ್ತಕದಲ್ಲಿ ನೋಡಿದ್ದು, ಬೀದಿ ಮೂಲೆಯವರೆಗೆ ಬಂದಿದ್ದು, ಎಲ್ಲ ಹೇಳಿದೆ. ಅವಳು ಎದ್ದು ಅಂಗಡಿಗೆ ನುಗ್ಗುತ್ತಾಳೆ, ಕೂಗಾಡುತ್ತಾಳೆ, ನಾನೇ ಹಿಡಿದು ನಿಲ್ಲಿಸಬೇಕಾಗುತ್ತದೆ ಅಂದುಕೊಂಡಿದ್ದೆ. ಸತ್ತಿದ್ದು ಅವಳ ಅಮ್ಮ ಅಲ್ಲವಾ.

ಅಮ್ಮ ಟವಲ್ ಮಡಚಿದಳು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದಳು.

"ನನಗೆ ಗೊತ್ತಿತ್ತು ಕಣೇ" ಅಂದಳು.

ಅಜ್ಜಿ ಹೋಗಿ ಒಂದು ತಿಂಗಳಿಗೆ ಮೇಷ್ಟ್ರು ಗಾರ್ಮೆಂಟ್ಸಿನ ಗೇಟಿನ ಹತ್ತಿರ ಬಂದು ಅವಳಿಗೆ ಎಲ್ಲ ಹೇಳಿದ್ದರಂತೆ. ಪೊಲೀಸಿಗೆ ಹೇಳ್ತೀರಾ ಹೇಳಿ, ಏನು ಮಾಡು ಅಂತೀರೋ ಮಾಡ್ತೀನಿ ಅಂದರಂತೆ. ಅಮ್ಮ ಅವರಿಗೆ ಉಗಿದು ಕಳಿಸಿದಳಂತೆ. ಹದಿನೈದು ದಿನ ಬಿಟ್ಟು ಅವಳೇ ಅಂಗಡಿಗೆ ಹೋದಳಂತೆ.

"ನೀನು ಊಟ ಬಿಟ್ಟಿದ್ದೆ. ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಅಮ್ಮ ಹೋದ್ಲು, ಮಗಳೂ ಹೋಗ್ತಾಳೆ ಅಂತ ಭಯ ಆಯ್ತು. ನನ್ನ ಮಗಳಿಗೆ ಏನಾದ್ರೂ ದಾರಿ ಮಾಡಿ ಅಂತ ನಾನೇ ಕೇಳ್ದೆ. ಅವರು ಮೊದಲು ಅವಳಿಗೆ ನಿಜ ಹೇಳ್ಬೇಕು ಅಂದ್ರು. ನಾನೇ ಹೇಳ್ತೀನಿ ಅಂದೆ."

"ಹೇಳ್ದ್ಯಾ?"

"ಅಂಗಡಿಗೆ ಹೋದ ಮೂರನೇ ದಿನ ಬಂದು, ತಟ್ಟೆ ಇಟ್ಕೊಂಡು, ಹಸಿವು ಅಂದೆ. ಈಗ ಹೇಳಿದ್ರೆ ಮತ್ತೆ ಅಲ್ಲಿಗೆ ಹೋಗಲ್ಲ ಅನ್ನಿಸ್ತು. ಸ್ವಲ್ಪ ಚೇತರಿಸ್ಕೊಳ್ಳಲಿ, ಆಮೇಲೆ ಹೇಳೋಣ ಅಂತ."

ಇವಳೂ ಆಮೇಲೆ.

ನಾನೇ ಅಜ್ಜಿಯನ್ನು ಕೊಂದೆ ಅಂತ ನಾಲ್ಕು ವರ್ಷ ಈ ಮನೆಯಲ್ಲಿ, ನಿನ್ನ ಪಕ್ಕದಲ್ಲಿ ಮಲಗಿ ಎದ್ದೆನಲ್ಲ ಅಂದೆ. ಅವಳು ಟವಲ್ ಪಕ್ಕಕ್ಕಿಟ್ಟಳು. ನೀನು ಒಂದು ದಿನವೂ ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ಮರೆತಿದ್ದೀಯ ಅಂದುಕೊಂಡಿದ್ದೆ ಅಂದಳು.

ಮರೆಯೋದು. ಯಾರನ್ನಾದರೂ ಕೇಳಬೇಕು, ಇಂಥದ್ದನ್ನು ಮರೆಸುವ ಗುಳಿಗೆ ಇದೆಯಾ ಅಂತ.

ನನ್ನನ್ನು ಒಬ್ಬರು ಕಳಿಸಿದರು, ಇನ್ನೊಬ್ಬರು ಇಟ್ಟುಕೊಂಡರು. ಇಬ್ಬರ ನಡುವೆ ಮಾತುಕತೆ ಮುಗಿದಿತ್ತು. ನಾನು ಮಾತ್ರ ನನ್ನ ಸ್ವಂತ ಹಟದಿಂದ ಹೋಗುತ್ತಿದ್ದೇನೆ ಅಂದುಕೊಂಡಿದ್ದೆ.

ಜೂನ್ 18, ಬುಧವಾರ

ಅಮ್ಮನ ಜೊತೆ ಮಾತಿಲ್ಲ. ಊಟ ಮುಚ್ಚಿಟ್ಟು ಹೋಗಿದ್ದಾಳೆ. ತಿಂದೆ. ತಿನ್ನದಿದ್ದರೆ ಮತ್ತೆ ಯಾರಿಗೋ ನನ್ನನ್ನು ಒಪ್ಪಿಸುತ್ತಾಳೆ.

ಜೂನ್ 20, ಶುಕ್ರವಾರ

ಅಂಗಡಿಗೆ ಹೋದೆ. ಗಿರಾಕಿಯ ಹಾಗೆ ಕೌಂಟರಿನ ಈ ಕಡೆ ನಿಂತೆ. ಮೇಷ್ಟ್ರು ಸೊರಗಿದ್ದರು. ಹತ್ತು ದಿನಕ್ಕೆ ಹತ್ತು ವರ್ಷ ಆದ ಹಾಗೆ. ನನಗೆ ಪಾಪ ಅನ್ನಿಸಲಿಲ್ಲ. ಸ್ವಲ್ಪ ಅನ್ನಿಸಿತು. ಅದಕ್ಕೂ ಸಿಟ್ಟು ಬಂತು.

ಅವರು ಲಕೋಟೆ ಮುಂದೆ ತಳ್ಳಿದರು. ಪತ್ರ ಬರೆದಿಟ್ಟಿದ್ದರು, ಅಕ್ಟೋಬರ್ 27 ಅಂತ ಸರಿಯಾದ ತಾರೀಖು ಹಾಕಿ. ಹೊಸ ಅರ್ಜಿಯೂ ಇತ್ತು. ಹರಿದಿರುತ್ತೇನೆ ಅಂತ ಗೊತ್ತಿತ್ತು ಅವರಿಗೆ.

ಇದಲ್ಲ ನನಗೆ ಬೇಕಾಗಿದ್ದು ಅಂದೆ. ಆ ಪುಸ್ತಕ ತೆಗೆದುಕೊಂಡು ಔಷಧಿ ಇಲಾಖೆಯ ಕಚೇರಿಗೆ ನಡೆಯಿರಿ, ಏನಾಯಿತು ಅಂತ ನಿಮ್ಮ ಬಾಯಿಂದ ಹೇಳಿ ಅಂದೆ. ಅಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡಳು. ಅಂಗಡಿ ಮುಚ್ಚಿಸ್ತಾರೆ ಕಣೇ ಅಂದಳು. ಮುಚ್ಚಿಸಬಹುದು ಅಂದೆ.

ಮೇಷ್ಟ್ರು ಹೋಗ್ತೀನಿ ಅಂದರು. ಇಷ್ಟು ಸುಲಭವಾಗಿ ಅನ್ನುತ್ತಾರೆ ಅಂದುಕೊಂಡಿರಲಿಲ್ಲ. ಆಮೇಲೆ ಹೇಳಿದರು.

"ಆದ್ರೆ ನಾನೀಗ ಹೋದ್ರೆ ನನ್ನ ಸಹಿಗೆ ಬೆಲೆ ಇರಲ್ಲ. ಈ ಪತ್ರ ನಡೆಯಲ್ಲ. ಮೊದ್ಲು ನಿನ್ನ ಅರ್ಜಿ ಹೋಗ್ಲಿ, ಸೀಟು ಸಿಗ್ಲಿ. ಆಮೇಲೆ ಹೋಗ್ತೀನಿ. ಮಾತು ಕೊಡ್ತೀನಿ."

ಅವರು ಹೇಳಿದ್ದು ನಿಜ. ನನ್ನ ಒಳ್ಳೆಯದಕ್ಕೇ ಹೇಳಿದರು, ಅದೂ ಗೊತ್ತು. ಲಕೋಟೆ ಗಾಜಿನ ಮೇಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಐದು ದಿನ ಸುಮ್ಮನಿದ್ದರೆ ಮುಗಿಯಿತು. ಇಲ್ಲದಿದ್ದರೆ ಎರಡು ವರ್ಷ, ಚಿಕ್ಕ ಮಕ್ಕಳ ಜೊತೆ ಬೆಂಚಿನ ಮೇಲೆ.

ಅಮ್ಮನದ್ದೂ ನನ್ನ ಒಳ್ಳೆಯದಕ್ಕೇ ಇತ್ತು.

"ಅವತ್ತೂ ಆಮೇಲೆ ಅಂದ್ರಿ ಮೇಷ್ಟ್ರೇ" ಅಂದೆ. "ಸೋಮವಾರ ಹತ್ತು ಗಂಟೆ ಬಸ್ಸು. ನಾನೂ ಬರ್ತೀನಿ. ಮೂಲೆವರೆಗಲ್ಲ, ಒಳಗಿನವರೆಗೂ."

ಲಕೋಟೆ ಅಲ್ಲೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಕತ್ತೆ, ಸೀಟು ಕಾಲಲ್ಲಿ ಒದ್ದೆಯಲ್ಲ ಅಂತ. ತಿರುಗಿ ಮಾತ್ರ ಹೋಗಲಿಲ್ಲ.

ಜೂನ್ 23, ಸೋಮವಾರ

ಬಂದರು. ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪುಸ್ತಕ. ಬಸ್ಸಿನಲ್ಲಿ ಅವರು ಮುಂದೆ, ನಾನು ಹಿಂದೆ.

ಕಚೇರಿ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲ ನಡುವೆ ಮೊಣಕಾಲು ಹಿಡಿದುಕೊಂಡು ನಿಂತರು. ಕೈ ಕೊಡಲಿಲ್ಲ. ಅವರು ಹತ್ತುವವರೆಗೆ ಕಾದೆ, ಅಷ್ಟೆ.

ಅಧಿಕಾರಿ ಅಮ್ಮನ ವಯಸ್ಸಿನ ಹೆಂಗಸು. ಕೂತುಕೊಳ್ಳಿ ಅಂದರೂ ಮೇಷ್ಟ್ರು ಕೂರಲಿಲ್ಲ. ನಿಂತೇ ಹೇಳಿದರು. ಎಲ್ಲಾದರೂ ಒಂದು ಕಡೆ ಮಾತು ತಿರುಗಿಸುತ್ತಾರೆ, ಹಿಡಿಯೋಣ ಅಂತ ನಾನು ಕಾಯುತ್ತಿದ್ದೆ. ತಿರುಗಿಸಲಿಲ್ಲ. ಬರೆಯದೆ ಬಿಟ್ಟಿದ್ದು, ಮೂಲೆಯಿಂದ ವಾಪಸ್ ಹೋಗಿದ್ದು, ಆಸ್ಪತ್ರೆಯಲ್ಲಿ ನನ್ನ ತಲೆಗೆ ಕಟ್ಟಿದ್ದು, ಒಂದೂ ಬಿಡಲಿಲ್ಲ. ಆ ಹೆಂಗಸು ಬರೆಯುವುದನ್ನು ನಿಲ್ಲಿಸಿ ಒಂದು ಸಲ ಅವರನ್ನು ನೋಡಿದಳು, ಒಂದು ಸಲ ನನ್ನನ್ನು.

ವಿಚಾರಣೆ ಮುಗಿಯುವವರೆಗೆ ಅಂಗಡಿ ತೆರೆಯುವ ಹಾಗಿಲ್ಲ, ಪರವಾನಗಿ ಇಲ್ಲಿ ತಂದು ಒಪ್ಪಿಸಬೇಕು ಅಂದಳು. ಆಗಲಿ ಅಂದರು. ನಂತರ ನನ್ನ ಕಡೆ ತಿರುಗಿದಳು.

"ನೀವ್ಯಾರು? ದೂರು ಕೊಡೋಕೆ ಬಂದೋರಾ, ಇವರ ಕಡೆಯವರಾ?"

ಎರಡೂ ಅಲ್ಲ ಅಂದೆ. ಏನಂತ ಬರೆಯಲಿ ಅಂದಳು.

"ಅಜ್ಜಿಗೆ ಗುಳಿಗೆ ಕೊಡ್ತಿದ್ದವಳು. ಹನ್ನೆರಡು ದಿನ ಕೊಟ್ಟೆ. ವಾರಕ್ಕೊಂದು ಅಂತ ನನಗೆ ಯಾರೂ ಹೇಳಿರ್ಲಿಲ್ಲ."

ಅದನ್ನು ಹಾಗೇ ಬರೆದುಕೊಂಡಳು. ಕೆಳಗೆ ಸಹಿ ಹಾಕಿದೆ. ಮೇಷ್ಟ್ರು ಗೋಡೆಯ ಕಡೆ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಅವರು ಏನೋ ಹೇಳಲು ಬಾಯಿ ತೆರೆದರು. ನನ್ನ ಬಸ್ಸು ಬಂತು ಅಂತ ಹತ್ತಿದೆ. ಕ್ಷಮಿಸು ಅಂತಲೇ ಅನ್ನುತ್ತಿದ್ದರೇನೋ.

ಮನೆಗೆ ಎರಡು ಸ್ಟಾಪ್ ಮೊದಲೇ ಇಳಿದೆ. ಅಲ್ಲಿ ಒಂದು ಸಂಜೆ ಕಾಲೇಜಿದೆ. ಗುಮಾಸ್ತ ನನ್ನ ಅಂಕಪಟ್ಟಿ ನೋಡಿ, ಯಾವ ವಿಷಯ ಅಂದ. ವಿಜ್ಞಾನ. ಎರಡು ವರ್ಷ ಇದೆ, ಇಲ್ಲಿರೋದೆಲ್ಲ ಹದಿನಾರರ ಮಕ್ಕಳು, ನಡುವೆ ಬಿಟ್ಟು ಹೋಗ್ತೀಯೋ ಏನೋ ಅಂದ. ಹೋಗಲ್ಲ ಅಂದೆ. ಎರಡು ವರ್ಷ ಆದ ಮೇಲೆ ಏನು ಅಂದ. ಔಷಧಿ ಕಾಲೇಜು ಅಂದೆ. ಅವನು ಪೆನ್ನಿನ ತುದಿ ಕಚ್ಚಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾರು ಕಳಿಸಿದ್ದಮ್ಮ ನಿನ್ನ?"

"ಯಾರೂ ಕಳಿಸ್ಲಿಲ್ಲ" ಅಂದೆ. "ನಾನೇ ಬಂದೆ."